ಗುಂಡಮ್ಮನ ದವಡೆಯ ಅಡಿಕೆ ಹೋಳು

ಜನ ನನ್ನನ್ನು ಮಾತಿನ ಡಾಕ್ಟರು ಅನ್ನುತ್ತಾರೆ. ನನ್ನ ಪ್ರಮಾಣಪತ್ರದಲ್ಲಿ ಡಾಕ್ಟರ್ ಎಂಬ ಶಬ್ದ ಎಲ್ಲಿಯೂ ಇಲ್ಲ, ಆದರೆ ಅದನ್ನು ನಾನಾಗಿ ಯಾರಿಗೂ ಹೇಳಲು ಹೋಗಿಲ್ಲ. ಗಡಿಯಾಚೆ ಮಹಾರಾಷ್ಟ್ರದ ನಿಲಂಗಾದಲ್ಲಿ ಒಂದು ಟ್ರಸ್ಟಿನವರು ನಡೆಸುವ ಮಕ್ಕಳ ಕೇಂದ್ರದಲ್ಲಿ, ಮಾತು ತಡವಾದ ಮಕ್ಕಳನ್ನು ಮಾತಿಗೆ ಎಳೆಯುವ ಕೆಲಸ. ಹನ್ನೊಂದು ತಿಂಗಳ ಗುತ್ತಿಗೆ. ಮಗು ಹೆಚ್ಚುಕಡಿಮೆ ಹನ್ನೊಂದು ತಿಂಗಳಿಗೆ ಮೊದಲ ಮಾತು ಆಡಬೇಕು ಎಂದು ನಮ್ಮ ಬೆಳವಣಿಗೆಯ ತಖ್ತೆ ಹೇಳುತ್ತದೆ. ಅಷ್ಟು ಹೊತ್ತಿಗೆ ನನ್ನ ಮಾತು ನಿಲ್ಲಬೇಕು ಎಂದು ಟ್ರಸ್ಟು ಹೇಳುತ್ತದೆ. ವರ್ಷಕ್ಕೊಮ್ಮೆ ಒಂದೆರಡು ದಿನ ನಿರುದ್ಯೋಗಿಯಾಗಿದ್ದು ಮತ್ತೆ ಹುಟ್ಟಿ ಬರುತ್ತೇನೆ.

ಎದೆಯ ಬಿಲ್ಲೆಯ ಮೇಲೆ 'ಬಿ. ಕುಮಾರ' ಎಂದಿದೆ. ಅಪ್ಪ ಇಟ್ಟ ಹೆಸರು ಬಸವಕುಮಾರ. ಬಸವನನ್ನು ಒಂದಕ್ಷರಕ್ಕೆ ಇಳಿಸಿದವನು ನಾನೇ. ನಮ್ಮದು ಉದಗೀರದ ಕನ್ನಡ ಮನೆ. ಅಪ್ಪ ಭಾಲ್ಕಿ ಕಡೆಯಿಂದ ಬಂದು ಅಲ್ಲಿ ಕಿರಾಣಿ ಅಂಗಡಿ ಇಟ್ಟವರು. ಶಾಲೆ ಮರಾಠಿ. ಎರಡನೇ ಇಯತ್ತೆಯಲ್ಲಿ ಒಂದು ದಿನ, ನೀರು ಕುಡಿದು ಬರುತ್ತೇನೆ ಎಂದು ಮಾಸ್ತರರನ್ನು ಮೈಮರೆತು ಕನ್ನಡದಲ್ಲಿ ಕೇಳಿಬಿಟ್ಟೆ. ಇಡೀ ವರ್ಗ ನಕ್ಕಿತು. ಆಮೇಲೆ ನಾಲ್ಕು ವರ್ಷ ನನ್ನ ಹೆಸರು 'ಕಾನಡಿ'. ಅವತ್ತಿನಿಂದ ಮನೆಯ ಹೊಸ್ತಿಲು ದಾಟಿದರೆ ನನಗೆ ಕನ್ನಡ ಬರುವುದಿಲ್ಲ. ಈಗ ನನಗೆ ಇಪ್ಪತ್ತೇಳು ವರ್ಷ. ಮೂರನೇ ವರ್ಷದವರೆಗೆ ಬಾಯಿಯೇ ಬಿಟ್ಟಿರಲಿಲ್ಲ ಎಂದು ನನ್ನವ್ವ ಬಂಡಮ್ಮ ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಮಾತಿನ ಡಾಕ್ಟರನ ಅರ್ಹತೆ ಇಷ್ಟು.

ಹೇಳಬೇಕಾದದ್ದು ಗುಂಡಮ್ಮನವರ ಬಗ್ಗೆ.

ಗುಂಡಮ್ಮ ಕಾಸಾರಶಿರಸಿಯಿಂದ ಎರಡು ಮೈಲು ಆಚೆಯ ಹಳ್ಳಿಯವರು. ಅರವತ್ತು ದಾಟಿದ ವಿಧವೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಐದೆಕರೆ ಕರಿ ಹೊಲ, ಒಂದು ದೇವಣಿ ಆಕಳು ಮತ್ತು ಅದರ ಕರು, ಒಬ್ಬನೇ ಮಗ ವೈಜನಾಥ. ಸೊಸೆ ಸ್ವಪ್ನಾಲಿ ಉಮರ್ಗಾದ ಮರಾಠಿ ಮನೆಯವಳು. ಅತ್ತೆ ಕನ್ನಡದಲ್ಲಿ ಹೇಳುತ್ತಾರೆ, ಸೊಸೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಐದು ವರ್ಷದಿಂದ ಸಂಸಾರ ಹಾಗೆಯೇ ನಡೆದಿದೆ. ಗುಂಡಮ್ಮನ ಮರಾಠಿ ಬಜಾರದ ಮರಾಠಿ. ತೊಗರಿಯ ದರ ಕೇಳುವುದು, ಬಸ್ಸಿನಲ್ಲಿ ಜಾಗಕ್ಕಾಗಿ ಜಗಳವಾಡುವುದು, ಬದುವಿನ ತಂಟೆಯಲ್ಲಿ ಪಕ್ಕದ ಹೊಲದವನ ಜನ್ಮ ಜಾಲಾಡುವುದು, ಇಷ್ಟಕ್ಕೆ ಅದು ಸಾಕು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸಲು ಅದು ಸಾಲದು.

ಕನ್ನಡದಲ್ಲಿ ಮಾತ್ರ ಅವರ ಬಾಯಿಗೆ ಬಿಡುವೇ ಇರಲಿಲ್ಲವಂತೆ. ರೊಟ್ಟಿ ಬಡಿಯುವಾಗ ಹಿಟ್ಟಿನ ಜೊತೆ, ಹಾಲು ಹಿಂಡುವಾಗ ಆಕಳಿನ ಜೊತೆ, ಯಾರೂ ಇಲ್ಲದಿದ್ದರೆ ತೀರಿಹೋದ ಗಂಡನ ಜೊತೆ. ಮೊಮ್ಮಗಳು ಶಿವಾನಿ ಹುಟ್ಟಿದ ಮೇಲೆ ಆ ಮಾತೆಲ್ಲ ಒಂದೇ ಕಡೆ ತಿರುಗಿತು.

ಆ ಶಿವಾನಿಯನ್ನು ಕರೆದುಕೊಂಡು ಅತ್ತೆ ಸೊಸೆ ಇಬ್ಬರೂ ನಮ್ಮ ಕೇಂದ್ರಕ್ಕೆ ಬಂದದ್ದು ಜೂನ್ ಕೊನೆಯಲ್ಲಿ, ಸೋಯಾ ಬಿತ್ತನೆ ಮುಗಿದ ವಾರ. ಮಗುವಿಗೆ ಎರಡು ವರ್ಷ ಎರಡು ತಿಂಗಳು. ಉಮರ್ಗಾದಲ್ಲಿರುವ ಅಕ್ಕನ ಮಗಳು ಇದೇ ವಯಸ್ಸಿಗೆ ಮೊಬೈಲ್ ನೋಡಿ ಪದ್ಯ ಹೇಳುತ್ತಾಳೆ, ನಮ್ಮದು ಹತ್ತು ಮಾತೂ ಆಡುವುದಿಲ್ಲ, ಎಂದು ಸ್ವಪ್ನಾಲಿಯ ದುಃಖ. ನಾನು ಫಾರ್ಮು ತೆಗೆದೆ.

ಈ ಫಾರ್ಮಿನಲ್ಲಿ ಬೆಳವಣಿಗೆಯ ಮೈಲಿಗಲ್ಲುಗಳಿರುತ್ತವೆ. ಯಾವ ತಿಂಗಳಿಗೆ ಕತ್ತು ನಿಂತಿತು, ಯಾವಾಗ ಬೋರಲು ಬಿತ್ತು, ಹೆಸರು ಕರೆದರೆ ಯಾವಾಗ ತಿರುಗಿತು, ಬೆರಳು ಮಾಡಿ ತೋರಿಸಿತು, ಮೊದಲ ಮಾತು ಆಡಿತು. ಇದು ಪಾಸು ನಾಪಾಸಿನ ಪರೀಕ್ಷೆಯಲ್ಲ. ಮಗು ಯಾವ ಕಲ್ಲಿನ ತನಕ ನಡೆದುಬಂದಿದೆ ಎಂದು ನೋಡಿ, ಅಲ್ಲಿಂದ ಮುಂದಿನ ಕಲ್ಲಿಗೆ ಕೈಹಿಡಿದು ನಡೆಸುವುದು ನಮ್ಮ ವಿದ್ಯೆ. ಎರಡು ವರ್ಷದ ಕಲ್ಲಿನ ಮೇಲೆ ಸುಮಾರು ಐವತ್ತು ಮಾತು ಎಂದು ಬರೆದಿದೆ, ಎರಡೆರಡು ಮಾತು ಜೋಡಿಸಬೇಕು ಎಂದೂ. ಎಣಿಸುವಾಗ ಮನೆಯಲ್ಲಿ ಎಷ್ಟು ಭಾಷೆ ಇವೆಯೋ ಅಷ್ಟನ್ನೂ ಕೂಡಿಸಿ ಎಣಿಸಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ನನಗೆ ಅದಕ್ಕೆ ಪೂರ್ತಿ ಅಂಕ.

ಸ್ವಪ್ನಾಲಿಗೆ ತಿಂಗಳುಗಳು ನೆನಪಿರಲಿಲ್ಲ. ಲಸಿಕೆಯ ಕಾರ್ಡಿನಲ್ಲಿ ಬರೆದಿಟ್ಟಿದ್ದೇನೆ ಎಂದು ಚೀಲಕ್ಕೆ ಕೈಹಾಕಿ ಹುಡುಕತೊಡಗಿದಳು. ಅಷ್ಟರಲ್ಲಿ ಗುಂಡಮ್ಮ ಶುರು ಮಾಡಿಬಿಟ್ಟರು.

"ಪೊಳಾದ ದಿವಸ ಬೋರಲ ಬಿದ್ಲು. ಸೋಯಾ ರಾಶಿಗಿ ಕುಂತ್ಲು. ಎಳ್ಳಮಾಸಿಗಿ ಹೊಲದಾಗ ಅಂಬೆಗಾಲ ಇಟ್ಲು ನೋಡ್ರಿ, ಸೀದಾ ಭಜ್ಜಿ ಗಡಗಿ ಕಡೀಗೇ. ಜ್ವಾಳದ ರಾಶಿ ಆಗೂದ್ರಾಗ ಆಕಳಿಗಿ ಅಂಬಾ ಅಂದ್ಲು."

ಮಗು ಹುಟ್ಟಿದ್ದು ಏಪ್ರಿಲ್ ಕೊನೆಗೆ. ಅಲ್ಲಿಂದ ಎತ್ತಿನ ಹಬ್ಬ ಪೊಳಕ್ಕೆ ನಾಲ್ಕು ತಿಂಗಳು, ಸೋಯಾ ರಾಶಿಗೆ ಆರು, ಎಳ್ಳಮಾವಾಸ್ಯೆಗೆ ಎಂಟು, ಜೋಳದ ರಾಶಿಗೆ ಹನ್ನೊಂದು. ಎಲ್ಲ ಕಲ್ಲೂ ತಖ್ತೆಯ ಪ್ರಕಾರವೇ ಇದ್ದವು. ಸ್ವಪ್ನಾಲಿ ಇನ್ನೂ ಕಾರ್ಡು ಹುಡುಕುತ್ತಿದ್ದಳು. ನನ್ನ ಪೆನ್ನು ಮುದುಕಿಯ ಹಿಂದೆಯೇ ಓಡುತ್ತ ಅಂಕಿ ಬರೆಯುತ್ತ ಹೋಯಿತು. ಬರೆದಾದ ಮೇಲೆಯೇ ನನಗೆ ಎಚ್ಚರವಾಯಿತು. ಎದುರಿನ ಮೇಜಿನಲ್ಲಿ ಕೇಂದ್ರದ ಹಿರಿಯರಾದ ಮೀನಲ ಮೇಡಂ ಇನ್ನೊಂದು ಮಗುವಿನ ಕಾಲು ನೋಡುತ್ತಿದ್ದರು.

ಮಾತಿನ ಲೆಕ್ಕಕ್ಕೆ ಬಂದೆವು. ಸ್ವಪ್ನಾಲಿ ನೆನಪಿಸಿಕೊಂಡು ಒಂಬತ್ತು ಮರಾಠಿ ಶಬ್ದ ಹೇಳಿದಳು. ಗುಂಡಮ್ಮ ಬೆರಳ ಗೆಣ್ಣು ಎಣಿಸುತ್ತ ಕನ್ನಡದವು ಹೇಳತೊಡಗಿದರು: ಬಾ, ಕೊಡು, ಬ್ಯಾಡ, ರೊಟ್ಟಿ, ಬಿಸಿ, ಗುಬ್ಬಿ, ಕರ, ಮಳಿ. ಒಂದು ಕೈ ಮುಗಿದು ಎರಡನೆಯದಕ್ಕೆ ಬಂದರು. ಮಗು 'ಅಮ್ಮಾ ಬಾ' ಎಂದು ತಮ್ಮನ್ನು ಕರೆಯುತ್ತದೆ, 'ಕರ ಓಡ್ತು' ಎಂದು ದೂರು ತರುತ್ತದೆ ಎಂದೂ ಹೇಳಿದರು. ಎರಡು ಮಾತಿನ ಜೋಡಣೆ. ತಖ್ತೆ ಕೇಳುವುದು ಅದನ್ನೇ.

ಮೀನಲ ಮೇಡಂ ತಲೆಯೆತ್ತಿ ನಮ್ಮ ಕಡೆ ನೋಡಿದರು. ನಾನು ಸ್ವಪ್ನಾಲಿಯ ಕಡೆ ತಿರುಗಿ, ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾಟಕದ ಕಂಪನಿಯಲ್ಲಿದ್ದರೆ ಕಾಯಂ ನೌಕರಿ ಸಿಗುತ್ತಿತ್ತು.

ಮನೆಯಲ್ಲಿ ಸ್ವಲ್ಪ ಕಾನಡಿ ಆಡುತ್ತದೆ ಅಷ್ಟೇ, ಅಂದಳು ಸ್ವಪ್ನಾಲಿ. ನಾನು 'ಒಂಬತ್ತು' ಎಂದು ಬರೆದೆ. ಆಮೇಲೆ ಗಂಭೀರವಾಗಿ ಸಲಹೆ ಕೊಟ್ಟೆ: ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ, ಮೂರು ತಿಂಗಳು ಮನೆಯಲ್ಲಿ ಮರಾಠಿ ಒಂದೇ ಇರಲಿ, ಮಗುವಿನ ಮುಂದೆ ಕನ್ನಡ ಬೇಡ. ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಉದಗೀರದ ಆ ವರ್ಗದಲ್ಲಿ ಕಲಿತಿದ್ದೆ.

ಸ್ವಪ್ನಾಲಿ ತನಗೆ ಬಂದಷ್ಟು ಕನ್ನಡದಲ್ಲಿ ಅತ್ತೆಗೆ ಹೇಳಿದಳು. ಗುಂಡಮ್ಮ ನೇರವಾಗಿ ನನ್ನನ್ನೇ ನೋಡಿದರು.

"ಡಾಕ್ಟರ್ ಸಾಬ, ನಾ ಮಾತಾಡಿದ್ರ ಕೂಸಿಗಿ ಕೇಡ ಆಗ್ತದೇನ್ರಿ?"

ಪ್ರತಿ ಅಕ್ಷರವೂ ನನಗೆ ತಿಳಿದಿತ್ತು. ನಾನು ಸ್ವಪ್ನಾಲಿ ಮರಾಠಿಯಲ್ಲಿ ಹೇಳುವವರೆಗೂ ಕಾದೆ. ಅವಳು ಹೇಳಿದ ಮೇಲೆ, ಹೌದು ಎಂದು ತಲೆಯಾಡಿಸಿದೆ.

ಸೆಪ್ಟೆಂಬರ್ ಕೊನೆಗೆ ಸ್ವಪ್ನಾಲಿ ಮಗುವನ್ನು ಕರೆದುಕೊಂಡು ಒಬ್ಬಳೇ ಬಂದಳು. ಮತ್ತೆ ಎಣಿಸಿದೆವು. ಆರು ಮಾತು. ಒಂಬತ್ತು ಇದ್ದದ್ದು ಆರಕ್ಕೆ ಇಳಿದಿತ್ತು, ಅದೂ ಮರಾಠಿಯಲ್ಲಿಯೇ. ಬೆರಳು ಮಾಡಿ ತೋರಿಸುವುದನ್ನೂ ಮಗು ಬಿಟ್ಟಿತ್ತು. ಗಿಲಕಿ ಆಡಿಸಿದರೆ ನೋಡುತ್ತಿತ್ತು. ತುಟಿ ಮಾತ್ರ ಹೊಲಿದಂತೆ.

ಇದ್ದ ಮಾತು ಕಳೆದುಹೋಗುವುದು ನಮ್ಮ ತಖ್ತೆಯಲ್ಲಿ ಕೆಂಪು ಗೆರೆ. ತಡವಾದರೆ ಕಾಯಬಹುದು, ಹಿಂದಕ್ಕೆ ಸರಿದರೆ ಕಾಯುವ ಹಾಗಿಲ್ಲ. ಮೀನಲ ಮೇಡಂ ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. ಕಿವಿ, ಮೆದುಳು ಎರಡನ್ನೂ ಪರೀಕ್ಷಿಸಲು ದೊಡ್ಡ ಆಸ್ಪತ್ರೆಗೆ ಕಳಿಸೋಣ, ಅದಕ್ಕೂ ಮೊದಲು ನೀನು ಒಮ್ಮೆ ಮನೆಗೆ ಹೋಗಿ ನೋಡಿ ಬಾ, ಎಂದರು. ಮೆದುಳು ಎಂಬ ಶಬ್ದ ಕೇಳಿ ಸ್ವಪ್ನಾಲಿ ಮಗುವನ್ನು ಎದೆಗೆ ಅವಚಿಕೊಂಡಳು. ಅವಳ ಸೆರಗಿನ ಮರೆಯಿಂದ ಶಿವಾನಿ ನನ್ನನ್ನೇ ನೋಡುತ್ತಿತ್ತು. ನಾನು ಗಿಲಕಿಯನ್ನು ಡಬ್ಬಿಗೆ ಹಾಕುವ ನೆಪದಲ್ಲಿ ಬಗ್ಗಿದೆ.

ಅಕ್ಟೋಬರ್ ಮೊದಲ ವಾರ ಕಾಸಾರಶಿರಸಿಯ ಬಸ್ಸಿಳಿದು, ಒಂದು ಟಂಟಂ ಆಟೋದ ಹಿಂಬದಿಯಲ್ಲಿ ನೇತಾಡುತ್ತ ಊರು ಸೇರಿದೆ. ಎಲ್ಲ ಕಡೆ ಸೋಯಾ ಕೊಯ್ಲು, ವೈಜನಾಥ ಹೊಲದಲ್ಲಿದ್ದ. ಓಣಿಯ ಬಾಯಲ್ಲಿ ಇಬ್ಬರು ಹೆಂಗಸರನ್ನು ಮನೆ ಎಲ್ಲಿ ಎಂದು ಕೇಳಿದೆ. ಒಬ್ಬಾಕೆ ಕೈಮಾಡಿ ತೋರಿಸಿ, ದನಿ ತಗ್ಗಿಸಿ, ಅಲ್ಲಿ ಮೆಲ್ಲಗೆ ಮಾತಾಡಬೇಕು, ಆ ಕೂಸಿನ ಮುಂದೆ ನಮ್ಮ ಮಾತು ಆಡಬಾರದೆಂದು ಡಾಕ್ಟರು ಹೇಳಿದ್ದಾರೆ, ಎಂದು ನನಗೇ ಎಚ್ಚರಿಕೆ ಕೊಟ್ಟಳು. ನನ್ನ ಔಷಧ ಇಡೀ ಓಣಿಗೆ ಹರಡಿತ್ತು.

ಪಡಸಾಲೆಯಲ್ಲಿ ಗುಂಡಮ್ಮ ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದರು. ನನ್ನನ್ನು ನೋಡಿ ಕೈಸನ್ನೆಯಿಂದ ಕೂಡಲು ಹೇಳಿದರು. ಎಡದವಡೆ ಉಬ್ಬಿತ್ತು, ತುಟಿ ಬಿಗಿದಿತ್ತು. ಸ್ವಪ್ನಾಲಿ ನೀರು ತಂದುಕೊಟ್ಟು, ಮರಾಠಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ಮಗು ಎದ್ದಿರುವಷ್ಟು ಹೊತ್ತೂ ಅತ್ತೆ ಬಾಯಿಯಲ್ಲಿ ಒಂದು ಅಡಿಕೆ ಹೋಳು ಇಟ್ಟುಕೊಳ್ಳುತ್ತಾರೆ. ಬಾಯಿ ಖಾಲಿ ಇದ್ದರೆ ಮಾತು ತಾನೇ ಬಂದುಬಿಡುತ್ತದೆ ಎಂದು ಭಯ. ನಿದ್ದೆಗಣ್ಣಿನಲ್ಲಿ ಏನಾದರೂ ಕನ್ನಡ ಬಂದೀತೆಂದು ಹಾಸಿಗೆಯನ್ನೂ ದನದ ಕೊಟ್ಟಿಗೆಗೆ ಒಯ್ದಿದ್ದಾರೆ. ಮೊದಮೊದಲು ಮಗು ಬಂದು ಸೆರಗು ಜಗ್ಗುತ್ತಿತ್ತು. ಅತ್ತೆ ಬಾಯಿ ತೋರಿಸಿ ತಲೆಯಾಡಿಸುತ್ತಿದ್ದರು. ಈಗ ಜಗ್ಗುವುದಿಲ್ಲ.

ನಾನು ಶಿವಾನಿಯನ್ನು ನೋಡಿದೆ. ಅಜ್ಜಿಯ ಪಕ್ಕದಲ್ಲಿಯೇ ಅಜ್ಜಿಯಂತೆಯೇ ಒಂದು ಕಾಲು ಮಡಚಿ ಕೂತಿತ್ತು. ಎಡದವಡೆ ಉಬ್ಬಿತ್ತು, ತುಟಿ ಬಿಗಿದಿತ್ತು. ಅಡಿಕೆ ಗಂಟಲಿಗೆ ಸಿಕ್ಕೀತೆಂದು ಹೆದರಿ ಹತ್ತಿರ ಹೋಗಿ ಬೆರಳು ಹಾಕಿ ಬಾಯಿ ಬಿಡಿಸಿದೆ. ಏನೂ ಇರಲಿಲ್ಲ. ನಾಲಿಗೆಯನ್ನೇ ದವಡೆಗೆ ಒತ್ತಿ ಹಿಡಿದುಕೊಂಡಿತ್ತು.

ಫಾರ್ಮಿನಲ್ಲಿ ಒಂದು ಸಾಲು ಇದೆ: ದೊಡ್ಡವರನ್ನು ನೋಡಿ ಅನುಕರಣೆ ಮಾಡುತ್ತದೆಯೇ? ಕೈ ಅಭ್ಯಾಸಕ್ಕೆ 'ಹೌದು' ಎಂದು ಬರೆಯಿತು. ಮಗುವಿನ ಕಿವಿ ಸರಿಯಿತ್ತು, ಮೆದುಳೂ ಸರಿಯಿತ್ತು. ಬೆಳವಣಿಗೆಯ ನಿಯಮದಂತೆ, ಮನೆಯಲ್ಲಿ ತನಗೆ ಎಲ್ಲರಿಗಿಂತ ಬೇಕಾದವರನ್ನು ನೋಡಿ, ಸುಮ್ಮನಿರುವುದನ್ನು ಅದು ಕಲಿತಿತ್ತು.

"ಅಮ್ಮಾ, ಅದನ್ನ ಉಗುಳ್ರಿ," ಎಂದೆ.

ಕನ್ನಡದಲ್ಲಿಯೇ ಎಂದೆ. ಸ್ವಪ್ನಾಲಿ ಕೈಯಲ್ಲಿದ್ದ ತಂಬಿಗೆ ಹಾಗೆಯೇ ಹಿಡಿದು ನಿಂತಳು. ಗುಂಡಮ್ಮ ಮಾತ್ರ ಬೆರಗಾಗಲಿಲ್ಲ. ಹೋಳನ್ನು ಅಂಗೈಗೆ ತೆಗೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇವತ್ತ ಬಂತೇನಪ್ಪಾ ನಿಂಗ ಮಾತು?"

ಅವರು ಶೇಂಗಾ ಸುಲಿಯುತ್ತಲೇ ಹೇಳಿದರು: "ನಂಗ ಅಕ್ಷರ ಬರಂಗಿಲ್ಲ, ಅಂಕಿ ಬರ್ತಾವ. ನಾ ಎಳ್ಳಮಾಸಿ ಅಂದ್ನಿ, ನೀ ಎಂಟ ಬರದಿ. ಇಕೀ ಚೀಲದಾಗ ಮಾರಿ ಹಾಕಿದ್ಲು, ನಿಂಗ ಯಾರ್ ಹೇಳಿದ್ರು? ಆಗೇ ತಿಳೀತು, ನಮ್ಮ ಹುಡುಗನೇ ಇಂವಾ ಅಂತ."

"ಮತ್ತ ಅಲ್ಲೇ ಯಾಕ ಕೇಳ್ಲಿಲ್ರಿ?"

"ಎದಕ್ಕ ಕೇಳ್ಲಿ? ಮರಾಠಿ ಡಾಕ್ಟರ ಹಂಗ ಅಂದಿದ್ರ ನಾ ಕೇಳ್ತಿದ್ದಿಲ್ಲ, ಅವರಿಗೇನ್ ಗೊತ್ತು ಅಂತಿದ್ನಿ. ನಮ್ಮ ಮಾತು ಬಲ್ಲಂವನೇ ನಮ್ಮ ಮಾತು ಬ್ಯಾಡಂತಾನಂದ್ರ, ಖರೇನೇ ಅದ್ರಾಗ ಕೇಡ ಇರ್ಬೇಕು ಅಂದ್ಕೊಂಡ್ನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಸಿಕೊಂಡು ನನಗೆ ಅಭ್ಯಾಸವಿದೆ. ಅವರು ನನ್ನನ್ನು ನಂಬಿದ್ದರು, ಅದೂ ನಾನು ಮುಚ್ಚಿಟ್ಟುಕೊಂಡದ್ದನ್ನು ಕಂಡುಹಿಡಿದ ಕಾರಣಕ್ಕೆ.

ಅಲ್ಲಿಯೇ ನೆಲದ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಮಾತಿನಲ್ಲಿ ಕೇಡಿರಲಿಲ್ಲ, ಅವತ್ತು ನೀವು ಎಣಿಸಿದ್ದನ್ನೆಲ್ಲ ನಾನು ಬರೆದುಕೊಂಡಿದ್ದರೆ ಮಗು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ಬರೆಯದಿದ್ದದ್ದು ನನ್ನ ನಾಚಿಕೆಗೆ. ಕನ್ನಡದಲ್ಲಿ ಹೇಳುವಾಗ ಎರಡು ಮೂರು ಕಡೆ ತೊದಲಿದೆ. ಸ್ವಪ್ನಾಲಿಗೆ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಅಲ್ಲಿ ತೊದಲಲಿಲ್ಲ, ಅದಕ್ಕೇ ಇನ್ನಷ್ಟು ಕೆಟ್ಟದಾಗಿ ಕೇಳಿಸಿತು. ಅವಳು ನನ್ನ ಮುಖ ನೋಡದೆ, ಮೂರು ತಿಂಗಳು ಮುದುಕಿಯನ್ನು ದನದ ಜೊತೆ ಮಲಗಿಸಿದೆವು, ಎಂದಷ್ಟೇ ಹೇಳಿ ಒಳಗೆ ಹೋದಳು.

ಗುಂಡಮ್ಮ ಮೊಮ್ಮಗಳ ಕಡೆ ತಿರುಗಿದರು. ಮೂರು ತಿಂಗಳ ಮೇಲೆ ಮೊದಲ ಸಲ, "ಶಿವಾ, ಬಾರವ್ವಾ" ಎಂದರು. ಮಗು ಎದ್ದು ಬಂತು. ಬಂದು, ತನ್ನ ಪುಟ್ಟ ಅಂಗೈಯನ್ನು ಅಜ್ಜಿಯ ಬಾಯಿಯ ಮೇಲೆ ಒತ್ತಿ ಮುಚ್ಚಿತು.

ಗುಂಡಮ್ಮ ಆ ಕೈ ತೆಗೆಯಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಿದವು. ನಾನು ಚಪ್ಪಲಿಯ ಕಡೆ ನೋಡಿದೆ.

ಆಮೇಲಿನ ಕೆಲಸ ನಿಧಾನದ್ದು. ಕಲ್ಲುಗಳನ್ನು ಹಿಂದಕ್ಕೆ ಎಣಿಸಿಕೊಂಡು ಹೋಗಿ, ಗಟ್ಟಿಯಾಗಿ ಉಳಿದಿರುವ ಕಲ್ಲಿನಿಂದ ಶುರು ಮಾಡಬೇಕು. ಶಿವಾನಿಗೆ ಉಳಿದಿದ್ದದ್ದು ಅನುಕರಣೆ. ಅದರಿಂದಲೇ ಹಿಡಿದೆವು. ಬಾಯಿ ಮುಚ್ಚುವುದನ್ನು ನೋಡಿ ಕಲಿತ ಮಗು ಬಾಯಿ ತೆರೆಯುವುದನ್ನೂ ನೋಡಿ ಕಲಿಯಬೇಕಿತ್ತು. ಗುಂಡಮ್ಮ ದಿನವೂ ಆಕಳಿಗೆ ನೀರಿಡುವಾಗ ಮಗುವನ್ನು ಜೊತೆಗೆ ಕರೆದೊಯ್ದು, ಬಕೆಟ್ಟು ಎತ್ತಿ ಹಿಡಿದು, ಮಗು ಬೆರಳು ಮಾಡುವವರೆಗೂ ಕಾಯಬೇಕು; ಮಾಡಿದ ಕೂಡಲೇ 'ನೀರ' ಎಂಬ ಮಾತನ್ನು ತಾವು ಆಡಬೇಕು. ಕಾಯುವುದು ಆಕಳಿಗೆ ಒಗ್ಗಲಿಲ್ಲ, ಎರಡು ಸಲ ಬಕೆಟ್ಟು ಉರುಳಿಸಿತು. ನಾನು ರಜೆಯ ಭಾನುವಾರಗಳಲ್ಲಿ ಹೋದೆ. ಗುಂಡಮ್ಮನಿಗೂ ಮಾತು ಒಮ್ಮೆಲೇ ಮರಳಲಿಲ್ಲ. ಅರ್ಧದಲ್ಲಿ ನಿಲ್ಲಿಸಿ, ಇದು ಆಡಬಹುದೇನು ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಹಾಗೆ ನೋಡುವುದನ್ನು ಬಿಡಿಸಲು ನನ್ನ ತಖ್ತೆಯಲ್ಲಿ ಉಪಾಯವಿರಲಿಲ್ಲ.

ನವೆಂಬರಿನಲ್ಲಿ ತೊಗರಿ ಹೂ ಬಿಟ್ಟಿತು. ಕೇಂದ್ರಕ್ಕೆ ಮೂವರೂ ಬಂದರು. ನಾನು ಮೀನಲ ಮೇಡಂ ಎದುರಿನಲ್ಲೇ ಗುಂಡಮ್ಮನನ್ನು ಕನ್ನಡದಲ್ಲಿ ಕೇಳಿ ಕೇಳಿ ಬರೆದೆ. ಕನ್ನಡ ಮೂವತ್ತೊಂದು, ಮರಾಠಿ ಹದಿನಾರು. ಶಿವಾನಿ ಕಿಟಕಿಯಾಚೆ ಬೀದಿಯ ಎಮ್ಮೆಯೊಂದನ್ನು ತೋರಿಸಿ, "ಆಕಳಿಗಿ ನೀರ" ಎಂದು ಆಜ್ಞೆ ಮಾಡಿತು. ಎಮ್ಮೆಗೂ ಆಕಳಿಗೂ ಭೇದ ತಿಳಿಯುವುದು ಮುಂದಿನ ಕಲ್ಲು. ದೊಡ್ಡ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿಸಿದ್ದೆವು, ಅದರಲ್ಲಿ ದೋಷವಿರಲಿಲ್ಲ.

ಮೀನಲ ಮೇಡಂಗೆ ಜೂನಿನ ಫಾರ್ಮು ತೋರಿಸಿ, ನನ್ನ ತಪ್ಪನ್ನು ಬರೆದು ಸಹಿ ಮಾಡಿಕೊಟ್ಟೆ. ಅವರು ಓದಿ, ಎರಡು ವರ್ಷದಿಂದ ಕನ್ನಡ ಬಲ್ಲವರೊಬ್ಬರು ಬೇಕೆಂದು ಟ್ರಸ್ಟಿಗೆ ಬರೆಯುತ್ತಲೇ ಇದ್ದೇನೆ, ನೀನು ನನ್ನ ಎದುರಿನ ಕುರ್ಚಿಯಲ್ಲೇ ಕೂತಿದ್ದೆ, ಎಂದರು. ನಾನು ಯಾರಿಂದ ಮುಚ್ಚಿಟ್ಟಿದ್ದೆನೋ ಅವರು ಅದನ್ನೇ ಹುಡುಕುತ್ತಿದ್ದರು. ಆಮೇಲೆ ಅವರು ಇನ್ನೊಂದು ಮಾತು ಕೇಳಿದರು: ಹೀಗೆ ಇನ್ನೆಷ್ಟು ಮಕ್ಕಳನ್ನು ಎಣಿಸಿದ್ದೀಯ?

ಸಂಜೆಯವರೆಗೆ ಕಪಾಟಿನ ಮುಂದೆ ಕೂತು ಹಳೆಯ ಫಾರ್ಮು ತೆಗೆದೆ. ಕನ್ನಡದ ಅಜ್ಜಿ, ಅತ್ತೆ, ತಾಯಿ ಇದ್ದ ಮನೆಗಳು ಹದಿನಾಲ್ಕು. ಹದಿನಾಲ್ಕರಲ್ಲೂ ಕೊನೆಯ ಸಾಲು ನನ್ನದೇ ಚೆಂದದ ಅಕ್ಷರದಲ್ಲಿತ್ತು: ಮನೆಯಲ್ಲಿ ಒಂದೇ ಭಾಷೆ.

ಎಳ್ಳಮಾವಾಸ್ಯೆಗೆ ಗುಂಡಮ್ಮ ಹೊಲಕ್ಕೆ ಕರೆದರು. ಆ ದಿನ ಈ ಸೀಮೆಯಲ್ಲಿ ಊರುಗಳೆಲ್ಲ ಖಾಲಿಯಾಗಿ ಹೊಲಗಳು ತುಂಬುತ್ತವೆ. ದಾರಿಹೋಕನನ್ನೂ ಕರೆದು ಊಟಕ್ಕೆ ಕೂರಿಸುತ್ತಾರೆ, ಹಾಗಾಗಿ ನನ್ನನ್ನು ಕರೆದದ್ದರಲ್ಲಿ ವಿಶೇಷವಿರಲಿಲ್ಲ ಎಂದುಕೊಂಡೇ ಹೋದೆ. ಜೋಳದ ಕಣಿಕೆಯ ಗುಡಿಸಿಲಿನೊಳಗೆ ಪೂಜೆ ಮುಗಿದಿತ್ತು. ಶಿವಾನಿ ಅಂಬಲಿಯ ಗಡಿಗೆಯ ಸುತ್ತ ಓಡುತ್ತ ಅಪ್ಪನಿಗೆ ಒಂದು ಭಾಷೆಯಲ್ಲಿ, ಅವ್ವನಿಗೆ ಒಂದು ಭಾಷೆಯಲ್ಲಿ ಕಿರುಚುತ್ತಿತ್ತು. ಉಮರ್ಗಾದಿಂದ ಸ್ವಪ್ನಾಲಿಯ ತವರಿನವರೂ ಬಂದಿದ್ದರು. ಅವರಲ್ಲೊಬ್ಬ ಹೆಂಗಸು, ಮಗುವಿಗೆ ಯಾವಾಗ ಬಂತು ಮಾತು ಎಂದು ಕೇಳಿದಳು.

ಗುಂಡಮ್ಮ ನನ್ನ ಎಲೆಗೆ ಕಾಳು ಸೊಪ್ಪಿನ ಭಜ್ಜಿ ಬಡಿಸುತ್ತಿದ್ದರು. ಸೌಟು ಎತ್ತಿ ಹಿಡಿದುಕೊಂಡೇ ಲೆಕ್ಕ ಹೇಳಿದರು.

"ಸೋಯಾ ಕೊಯ್ಲಿಗಿ ಈ ಡಾಕ್ಟರಗ ಬಂತು. ತೊಗರಿ ಹೂವಿಗಿ ನಮ್ಮ ಶಿವಾಗ ಬಂತು."

ಅದರಲ್ಲಿ ಕೊಂಕಿರಲಿಲ್ಲ. ಪೊಳಕ್ಕೆ ಬೋರಲು ಬಿದ್ದಳು ಎಂದ ಹಾಗೆಯೇ, ಆದದ್ದನ್ನು ಆದ ಕಾಲಕ್ಕೆ ಇಟ್ಟು ಹೇಳಿದ್ದರು. ಸ್ವಪ್ನಾಲಿ ತವರಿನವರಿಗೆ ಅದನ್ನು ಮರಾಠಿ ಮಾಡಿ ಹೇಳಿದಳು. ನಾನು ಎಲ್ಲರೂ ನಗುವುದನ್ನು ಕಾಯುತ್ತ ತಲೆತಗ್ಗಿಸಿ ಕೂತೆ. ಯಾರೂ ನಗಲಿಲ್ಲ. ಆ ಹೆಂಗಸು ಹೌದಾ ಎಂದು, ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

ಪಕ್ಕದಲ್ಲಿಟ್ಟಿದ್ದ ನನ್ನ ಚೀಲದಲ್ಲಿ, ಇನ್ನು ಹೋಗಬೇಕಾದ ಮನೆಗಳ ಹದಿನಾಲ್ಕು ಫಾರ್ಮುಗಳಿದ್ದವು. ಮೇಲಿನದು ವಲಾಂಡಿ ಊರಿನದು, ಮೂರು ವರ್ಷದ ಹುಡುಗ, ಅವನ ಅಜ್ಜಿಯ ಹೆಸರು ದ್ರೌಪದಿ ಎಂದು ಬರೆದಿತ್ತು. ಅವರು ಮಾತು ಬಾರದಂತೆ ಬಾಯಲ್ಲಿ ಏನು ಇಟ್ಟುಕೊಂಡಿರಬಹುದು ಎಂದು ಯೋಚಿಸುತ್ತ ರೊಟ್ಟಿ ಮುರಿದೆ.